ಚೆಂಡಿನ ಗದ್ದೆಯಿಂದ ಆಯ್ಕೆಯ ಮೇಜಿಗೆ

ಪೊಳಲಿಯ ಜಾತ್ರೆಗೆ ಒಮ್ಮೆಯಾದರೂ ಹೋದವರು ಅಲ್ಲಿನ ಚೆಂಡಿನ ಗದ್ದೆಯನ್ನು ಮರೆಯಲಾರರು. ಬಂಟ್ವಾಳ ತಾಲೂಕಿನಲ್ಲಿ, ಫಲ್ಗುಣಿ ನದಿಯ ದಂಡೆಯ ಮೇಲೆ ಶ್ರೀ ರಾಜರಾಜೇಶ್ವರಿಯ ದೇವಸ್ಥಾನವಿದೆ. ಮಣ್ಣಿನಿಂದ ಮಾಡಿದ ಮೂರ್ತಿಗೆ ಪೂಜೆ ಸಲ್ಲುವ ಈ ಕ್ಷೇತ್ರದ ಜಾತ್ರೆ ಮಾರ್ಚ್ ತಿಂಗಳ ನಡುವೆ, ಮೀನ ಸಂಕ್ರಮಣದ ಹೊತ್ತಿಗೆ ಆರಂಭವಾಗಿ ಸುಮಾರು ಒಂದು ತಿಂಗಳು ನಡೆಯುತ್ತದೆ. ಅದರಲ್ಲಿ 5 ದಿನ 'ಪೊಳಲಿ ಚೆಂಡು'. ಒಳಿತು ಕೆಡುಕುಗಳ ಕಾಳಗದ ಸಂಕೇತವೆಂದು ಹೇಳಲಾಗುವ ಈ ಆಟಕ್ಕೆ ನೂರಾರು ಜನ ಒಟ್ಟಿಗೇ ಗದ್ದೆಗಿಳಿಯುತ್ತಾರೆ. ಚರ್ಮದ ಚೆಂಡನ್ನು ಮಾಡಿಕೊಡುವುದು ಮೂಡುಬಿದಿರೆಯ ಒಂದು ಚರ್ಮಕಾರ ಕುಟುಂಬ. ಚೆಂಡಿನ ವೆಚ್ಚದ ಹೊಣೆ ಮಿಜಾರಿನ ಒಂದು ಗಾಣದ ಮನೆತನದ್ದು.

ಇಲ್ಲಿ ಹನ್ನೊಂದು ಮಂದಿಯೆಂಬ ಲೆಕ್ಕವಿಲ್ಲ. ಯಾರು ಚೆನ್ನಾಗಿ ಒದೆಯುತ್ತಾರೆ, ಯಾರು ಚೆನ್ನಾಗಿ ತಡೆಯುತ್ತಾರೆ ಎಂದು ಮೇಜಿನ ಮುಂದೆ ಕುಳಿತು ಪಟ್ಟಿ ಬರೆಯುವವರಿಲ್ಲ. ಚೆಂಡು ಮಾಡುವ ಮನೆ, ಚೆಂಡಿಗೆ ಖರ್ಚು ಮಾಡುವ ಮನೆ, ಆಡುವ ಊರು, ಎಲ್ಲವೂ ಸಂಪ್ರದಾಯದಿಂದ ಗೊತ್ತಾಗಿರುವಂಥವು. ಆಟಗಾರ ಹುಟ್ಟುವ ಮೊದಲೇ ಅವನ ಜಾಗ ಸಿದ್ಧವಾಗಿರುತ್ತದೆ ಎಂದರೂ ತಪ್ಪಾಗಲಾರದು.

ಇದಕ್ಕೆ ತೀರಾ ಎದುರಾದ ಇನ್ನೊಂದು ವ್ಯವಸ್ಥೆ ಇಂದಿನ ವೃತ್ತಿಪರ ಕ್ರೀಡೆಯಲ್ಲಿದೆ. ಅದರ ಹೆಸರು ಡ್ರಾಫ್ಟ್, ಅಂದರೆ ಸರದಿ ಆಯ್ಕೆ. ತಂಡಗಳ ಒಡೆಯರು ಮತ್ತು ತರಬೇತುದಾರರು ಒಂದು ಸಭಾಂಗಣದಲ್ಲಿ ಸೇರುತ್ತಾರೆ. ಆಟಗಾರರ ಒಂದೇ ಪಟ್ಟಿ ಎಲ್ಲರ ಮುಂದೆಯೂ ಇರುತ್ತದೆ. ಸರದಿ ಬಂದಾಗ ಒಂದು ತಂಡ ಒಂದು ಹೆಸರನ್ನು ಹೇಳಬೇಕು. ಹೇಳಿದ ಹೆಸರು ಅವರದು, ಉಳಿದದ್ದು ಮುಂದಿನವರಿಗೆ. ಈ ಸರದಿಯಲ್ಲಿ ಕುಳಿತವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ. ಪಟ್ಟಿಯಲ್ಲಿರುವ ಅತ್ಯುತ್ತಮ ಆಟಗಾರನನ್ನು ಆರಿಸಬೇಕೋ, ಅಥವಾ ನಮ್ಮ ತಂಡದಲ್ಲಿ ಇಲ್ಲದ ಆಟಗಾರನನ್ನೋ? ಪ್ರತಿಭೆಗೆ ಮಣೆಯೋ, ಕೊರತೆಗೆ ಮಣೆಯೋ? ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದರ ಕೆಲವು ಪುಟಗಳು ನಮ್ಮ ನಾಡಿನವೇ.

ಮೇಳದ ಯಜಮಾನರ ಲೆಕ್ಕ

ಕರಾವಳಿಯ ಓದುಗರಿಗೆ ಈ ಪ್ರಶ್ನೆ ಹೊಸದೇನಲ್ಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ತಿರುಗಾಟದ ಹೊತ್ತಿಗೆ ಕೆಲವು ಕಲಾವಿದರು ಮೇಳ ಬದಲಿಸಿರುತ್ತಾರೆ. ಮೇಳ ಕಟ್ಟುವ ಯಜಮಾನರಿಗೆ ಭಾಗವತರು ಬೇಕು, ಚೆಂಡೆ ಮದ್ದಳೆಯವರು ಬೇಕು. ಕಿರೀಟವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ, ಎಲ್ಲಕ್ಕೂ ಜನ ಬೇಕು. ಒಳ್ಳೆಯ ಪುಂಡುವೇಷದವರು ಇಬ್ಬರಿದ್ದಾರೆ, ಬಣ್ಣದ ವೇಷಕ್ಕೆ ಯಾರೂ ಇಲ್ಲ ಎಂದಿಟ್ಟುಕೊಳ್ಳೋಣ. ಆಗ ಇನ್ನೊಬ್ಬ ಹೆಸರಾಂತ ಪುಂಡುವೇಷದವರು ತಾವಾಗಿ ಬರಲು ಒಪ್ಪಿದರೆ ಯಜಮಾನರು ಏನು ಮಾಡಬೇಕು? ಬೇಡವೆಂದರೆ ಅವರು ಬೇರೆ ಮೇಳಕ್ಕೆ ಹೋಗುತ್ತಾರೆ. ಸೇರಿಸಿಕೊಂಡರೆ ಮಹಿಷಾಸುರನಿಲ್ಲದೆ ದೇವೀಮಾಹಾತ್ಮ್ಯ ಆಡಬೇಕಾಗುತ್ತದೆ.

ವಿಜ್ಞಾನ ಓದಿದವರಿಗೆ ಇಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ನೆನಪಾಗಬಹುದು. 19ನೆಯ ಶತಮಾನದಲ್ಲಿ ಅವರು ಪ್ರಚಾರಕ್ಕೆ ತಂದ ನಿಯಮವೊಂದಿದೆ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಮಣ್ಣಿನಲ್ಲಿ ಹೇರಳವಾಗಿರುವ ಪೋಷಕಾಂಶವಲ್ಲ, ಅಗತ್ಯಕ್ಕೆ ಹೋಲಿಸಿದರೆ ಅತಿ ಕಡಿಮೆ ಇರುವ ಪೋಷಕಾಂಶ. ರಂಜಕ ಇಲ್ಲದ ಗದ್ದೆಗೆ ಎಷ್ಟು ಸಾರಜನಕ ಸುರಿದರೂ ಭತ್ತ ಮೇಲೇಳುವುದಿಲ್ಲ. ಇದು ಕೊರತೆಯ ಪಕ್ಷದ ವಾದ. ನಮ್ಮ ರೈತರಿಗೆ ಇದರ ಎದುರು ವಾದವೂ ಗೊತ್ತು. ಈ ವರ್ಷದ ಅಕ್ಕಿಗೆ ಗದ್ದೆ ಬೇಕು, ನಿಜ. ಹಾಗೆಂದು ಅಡಿಕೆ ಸಸಿ ನೆಡುವುದನ್ನು ವರ್ಷ ವರ್ಷವೂ ಮುಂದೂಡಿದವನ ತೋಟ ಎಂದೂ ಫಲಕ್ಕೆ ಬರುವುದಿಲ್ಲ. ಸಸಿ ನೆಟ್ಟವನು ಕೆಲವು ವರ್ಷ ಬರಿಗೈಯಲ್ಲಿ ಕಾಯಲೇಬೇಕು. ಕೊರತೆ ಈ ವರ್ಷದ್ದು, ಪ್ರತಿಭೆ ಮುಂದಿನ ವರ್ಷಗಳದ್ದು. ಇವೆರಡರ ಜಗ್ಗಾಟವನ್ನು ಮುಂದಿನ ಉದಾಹರಣೆಗಳಲ್ಲಿ ಕಾಣಬಹುದು.

ಕಲ್ಕತ್ತೆಯ ಪಂಚಪಾಂಡವರು

ಸರದಿ ಆಯ್ಕೆ ಭಾರತಕ್ಕೆ ಬರುವುದಕ್ಕೆ ಬಹಳ ಮೊದಲೇ ಬೆಂಗಳೂರು ಫುಟ್‌ಬಾಲಿಗೆ ಹೆಸರಾಗಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅದೇ ಗೆದ್ದಿತು. 1946-47ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ಮೊದಲ ಬಾರಿಗೆ ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು 1-2ರಿಂದ ಸೋತ ಭಾರತ ತಂಡದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಅದೇ ತಂಡದಲ್ಲಿ ಆಡಿದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿ ಸೇರಿದ ಐವರು ದಾಳಿಗಾರರನ್ನು ಜನ 'ಪಂಚಪಾಂಡವರು' ಎಂದು ಕರೆದರು. ಬಲ ಅಂಚಿನಲ್ಲಿ ವೆಂಕಟೇಶ್, ಎಡ ಅಂಚಿನಲ್ಲಿ ಸಾಲೆ, ನಡುವೆ ಧನರಾಜ್. ನಡುವಿನವರಿಗೂ ಅಂಚಿನವರಿಗೂ ಮಧ್ಯೆ ಬಲಗಡೆ ಅಪ್ಪಾರಾವ್, ಎಡಗಡೆ ಅಹ್ಮದ್ ಖಾನ್. ಐವರೂ ದಕ್ಷಿಣ ಭಾರತದವರು. 1949, 1950, 1951, ಹೀಗೆ ಮೂರು ವರ್ಷ ಸತತವಾಗಿ ಈಸ್ಟ್ ಬೆಂಗಾಲ್ ಐಎಫ್‌ಎ ಶೀಲ್ಡ್ ಗೆದ್ದಿತು.

ಅಂದಿನ ಆಟದ ವ್ಯೂಹದಲ್ಲಿ ಮುಂದಿನ ಸಾಲಿಗೆ ಐದು ಜನ ಇರುತ್ತಿದ್ದರು, ಐವರ ಕೆಲಸವೂ ಬೇರೆ ಬೇರೆ. ಪಂಚಪಾಂಡವರ ಗುಟ್ಟು ಇರುವುದು ಇಲ್ಲಿಯೇ. ಐದೂ ಜಾಗಕ್ಕೆ ಐದು ಬಗೆಯ ಪ್ರತಿಭೆ ಸಿಕ್ಕಿತ್ತು. ಐವರೂ ಅರ್ಜುನರೇ ಆಗಿದ್ದರೆ ಗದೆ ಹಿಡಿಯುವವರಾರು? ಕೊರತೆ ಮತ್ತು ಪ್ರತಿಭೆ ಜಗಳವಾಡದೆ ಒಂದೇ ಸಾಲಿನಲ್ಲಿ ನಿಂತ ಅಪರೂಪದ ಸಂದರ್ಭ ಅದು.

ಆದರೆ ಇದಕ್ಕೆ ಬೆಲೆ ತೆತ್ತವರು ಯಾರು? ಆಟಗಾರ ತನಗೆ ಬೇಕಾದಲ್ಲಿಗೆ ಹೋಗಬಹುದಾಗಿದ್ದ ಆ ವ್ಯವಸ್ಥೆಯಲ್ಲಿ ದೊಡ್ಡ ಕ್ಲಬ್ಬುಗಳು ತಮ್ಮ ಕೊರತೆಯನ್ನು ಬೇರೆ ಊರುಗಳ ಪ್ರತಿಭೆಯಿಂದ ತುಂಬಿಕೊಂಡವು. ಆಟಗಾರನಿಗೆ ಅದು ಸ್ವಾತಂತ್ರ್ಯ. ಅವನನ್ನು ಬೆಳೆಸಿದ ಊರಿನ ಕ್ಲಬ್ಬಿಗೆ ನಷ್ಟ. ಹಣವೂ ಹೆಸರೂ ಇದ್ದವರಿಗೆ ಕೊರತೆಯೋ ಪ್ರತಿಭೆಯೋ ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಎರಡನ್ನೂ ಅವರು ಪಡೆಯಬಲ್ಲರು. ಇಲ್ಲದವರಿಗೆ ಎರಡೂ ಇಲ್ಲ.

ಸೋತವರಿಗೆ ಮೊದಲ ಸರದಿ

ಈ ಅಸಮಾನತೆಗೆ ಮದ್ದೆಂದು ಹುಟ್ಟಿದ್ದೇ ಡ್ರಾಫ್ಟ್. ಅದು ಹುಟ್ಟಿದ್ದು ಅಮೆರಿಕದಲ್ಲಿ, ಅವರದೇ ಬಗೆಯ ಫುಟ್‌ಬಾಲಿನಲ್ಲಿ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಆಡುವ ಆಟ ಅದು. ಫಿಲಡೆಲ್ಫಿಯಾದ ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್ ಅವರದು ಆಗ ಸೋಲುವ ತಂಡ. ಒಳ್ಳೆಯ ಹುಡುಗರೆಲ್ಲ ಗೆಲ್ಲುವ ತಂಡಗಳಿಗೇ ಹೋದರೆ ಸೋಲುವವರು ಸೋಲುತ್ತಲೇ ಇರುತ್ತಾರೆ, ಕೊನೆಗೆ ಪಂದ್ಯ ನೋಡುವವರೇ ಇರುವುದಿಲ್ಲ ಎಂಬುದು ಅವರ ವಾದ. 1935ರಲ್ಲಿ ಅವರ ಸಲಹೆಗೆ ಇತರ ಒಡೆಯರು ಒಪ್ಪಿದರು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮೊದಲ ಸರದಿ ಆಯ್ಕೆ ನಡೆಯಿತು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು.

ಮೊದಲ ಸರದಿ ಬೆಲ್ ಅವರದೇ ಆಯಿತು. ಅವರು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಎಂಬ ಆಟಗಾರನ ಹೆಸರು ಹೇಳಿದರು. ಆ ವರ್ಷದ ಕಾಲೇಜು ಆಟಗಾರರಲ್ಲಿ ಆತನಿಗೆ ಸಮನಾದವರಿರಲಿಲ್ಲ. ಆದರೆ ಬರ್ವಾಂಗರ್ ಆ ವೃತ್ತಿಪರ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳದ ಮಾತು ಹೊಂದಲಿಲ್ಲ, ಆತ ಬೇರೆ ಜೀವನ ಹಿಡಿದ. ತಂಡಕ್ಕೆ ಆಟಗಾರ ಬೇಕು ಎಂಬುದನ್ನು ಎಲ್ಲರೂ ಲೆಕ್ಕ ಹಾಕಿದ್ದರು. ಆಟಗಾರನಿಗೆ ತಂಡ ಬೇಕೇ ಎಂದು ಕೇಳುವುದು ಉಳಿದುಹೋಗಿತ್ತು.

ಒಂದು ಸೋಲು, ಒಂದು ಗೆಲುವು

ಕೊರತೆಯ ಹಿಂದೆ ಹೋಗಿ ಕೆಟ್ಟವರ ಕತೆ ಹೇಳುವಾಗ ಎಲ್ಲರೂ ಎತ್ತುವ ಹೆಸರು ಬ್ಯಾಸ್ಕೆಟ್‌ಬಾಲಿನದು. 1984ರ ಅಮೆರಿಕದ ಡ್ರಾಫ್ಟಿನಲ್ಲಿ ಎರಡನೆಯ ಸರದಿ ಪೋರ್ಟ್‌ಲೆಂಡ್ ತಂಡದ್ದು. ಹಿಂದಿನ ವರ್ಷವಷ್ಟೇ ಅವರು ಕ್ಲೈಡ್ ಡ್ರೆಕ್ಸ್‌ಲರ್ ಎಂಬ ಒಳ್ಳೆಯ ಆಟಗಾರನನ್ನು ಆರಿಸಿದ್ದರು. ಅದೇ ಬಗೆಯ ಇನ್ನೊಬ್ಬನ ಅಗತ್ಯ ಅವರಿಗೆ ಕಾಣಲಿಲ್ಲ. ಬೇಕಾಗಿದ್ದದ್ದು ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಳು. ಹಾಗಾಗಿ ಸ್ಯಾಮ್ ಬೋವಿಯನ್ನು ಆರಿಸಿದರು. ಮೂರನೆಯ ಸರದಿಯ ಶಿಕಾಗೊ ಮೈಕೆಲ್ ಜೋರ್ಡಾನ್‌ರನ್ನು ತೆಗೆದುಕೊಂಡಿತು, ಅವರೊಂದಿಗೆ ಆರು ಬಾರಿ ಲೀಗ್ ಗೆದ್ದಿತು. ಅವುಗಳಲ್ಲಿ ಒಂದು, 1992ರದ್ದು, ಪೋರ್ಟ್‌ಲೆಂಡನ್ನೇ ಸೋಲಿಸಿ. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಾಲಿನ ಮೂಳೆಯ ಪೆಟ್ಟಿನಿಂದಾಗಿ ಬೋವಿ ಕಾಲೇಜಿನಲ್ಲೇ ಎರಡು ವರ್ಷ ಆಡಿರಲಿಲ್ಲ. ಹಸಿದವನ ಕಣ್ಣಿಗೆ ಅನ್ನದೊಳಗಿನ ಕಲ್ಲು ಕಾಣುವುದಿಲ್ಲ. ಹಾಗೆ, ತಂಡದ ಕೊರತೆ ಎಷ್ಟು ದೊಡ್ಡದಾಗಿ ಕಂಡಿತೆಂದರೆ ಆಟಗಾರನ ಕಾಲು ಚಿಕ್ಕದಾಗಿ ಕಂಡಿತು.

ಇದರ ಎದುರು ಪುಟ 2005ರದು, ಅಮೆರಿಕದ ಫುಟ್‌ಬಾಲಿನದೇ. ಗ್ರೀನ್ ಬೇ ತಂಡದಲ್ಲಿ ಚೆಂಡನ್ನೆಸೆದು ಆಟ ನಡೆಸುವ ಸ್ಥಾನಕ್ಕೆ ಬ್ರೆಟ್ ಫಾರ್ವ್ ಎಂಬ ಮಹಾ ಆಟಗಾರನಿದ್ದ. ಆ ಜಾಗದಲ್ಲಿ ಕೊರತೆಯೇ ಇರಲಿಲ್ಲ. ಆದರೂ 24ನೆಯ ಸರದಿಯವರೆಗೆ ಯಾರೂ ಕೈಹಾಕದೆ ಉಳಿದಿದ್ದ ಏರನ್ ರಾಜರ್ಸ್‌ರನ್ನು ಅವರು ಅದೇ ಜಾಗಕ್ಕೆಂದು ಆರಿಸಿದರು. ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆ ಕಾದರು. 2008ರಲ್ಲಿ ಸ್ಥಾನ ಸಿಕ್ಕಿತು, 2011ರ ಫೆಬ್ರವರಿಯಲ್ಲಿ ತಂಡ ಲೀಗಿನ ಅಂತಿಮ ಪಂದ್ಯ ಗೆದ್ದಿತು. ಅಡಿಕೆ ಸಸಿ ನೆಟ್ಟವನ ಕತೆ ಇದು.

ಹಾಗೆಂದು ಪ್ರತಿಭೆಯೇ ಎಂದೂ ಗೆಲ್ಲುತ್ತದೆ ಎಂದು ತೀರ್ಮಾನಿಸುವುದು ಅವಸರವಾದೀತು. ಗೆದ್ದ ಮೇಲೆ ಎಲ್ಲ ಆಯ್ಕೆಗಳೂ ಜಾಣತನವಾಗಿ ಕಾಣುತ್ತವೆ. ಫಲ ತಿಳಿಯುವ ಮೊದಲು ಆರಿಸುವವನ ಕಷ್ಟ ಬೇರೆ. ಅದಕ್ಕೆ ನಮ್ಮದೇ ಉದಾಹರಣೆ ನೋಡೋಣ.

ಬೆಂಗಳೂರಿನ ಎರಡು ಮಾರ್ಚ್ ತಿಂಗಳು

ಭಾರತದಲ್ಲಿ ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗ ದೇಶೀಯ ಆಟಗಾರರಿಗೆ ಡ್ರಾಫ್ಟ್ ನಡೆಯಿತು. 2017ರ ಜುಲೈ 23ರಂದು ಮುಂಬಯಿಯಲ್ಲಿ ನಡೆದ ಡ್ರಾಫ್ಟ್ ಇನ್ನೂ ದೊಡ್ಡದು. ಆಗ ತಂಡಗಳು 10. ಜಮ್ಷೆಡ್‌ಪುರ ಮತ್ತು ಬೆಂಗಳೂರು ಹೊಸದಾಗಿ ಸೇರಿದ್ದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಅದಕ್ಕೆ ಮೊದಲೇ ಐ-ಲೀಗನ್ನು ಎರಡು ಬಾರಿ ಗೆದ್ದಿತ್ತು. ಪ್ರತಿ ಆಟಗಾರನ ಬೆಲೆಯನ್ನು ಮೊದಲೇ ಗೊತ್ತುಪಡಿಸಲಾಗಿತ್ತು. ಹಾಗಾಗಿ ಇಲ್ಲಿ ಕೂಗಾಟದ ಹರಾಜಿಲ್ಲ, ವಿವೇಚನೆಯ ಪರೀಕ್ಷೆ ಮಾತ್ರ.

ಮೊದಲ ಹೆಸರು ಹೇಳಿದ್ದು ಜಮ್ಷೆಡ್‌ಪುರ. ಅವರು ಭಾರತ ತಂಡದ ರಕ್ಷಣಾ ಆಟಗಾರ ಅನಾಸ್ ಎಡತೊಡಿಕರನ್ನು 1.10 ಕೋಟಿ ರೂಪಾಯಿಗೆ ತೆಗೆದುಕೊಂಡರು. ಶೂನ್ಯದಿಂದ ತಂಡ ಕಟ್ಟುವವರಿಗೆ ಎಲ್ಲ ಜಾಗವೂ ಕೊರತೆಯೇ. ಕೋಟೆಗೆ ಮೊದಲು ಗೋಡೆ ಎಂದು ಅವರು ಬಗೆದಿರಬೇಕು. ಗೋಡೆಯೇನೋ ಎದ್ದಿತು. ಮೊದಲ ಮೂರು ಪಂದ್ಯಗಳಲ್ಲಿ ಜಮ್ಷೆಡ್‌ಪುರ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆದರೆ ತಾನೂ ಒಂದು ಗೋಲು ಹೊಡೆಯಲಿಲ್ಲ. ಕೊನೆಗೆ ಐದನೆಯ ಸ್ಥಾನಕ್ಕೆ ನಿಂತು ಉಪಾಂತ್ಯವನ್ನು ತಪ್ಪಿಸಿಕೊಂಡಿತು. ಒಂದು ಕೊರತೆ ತುಂಬಿದಾಗ ಇನ್ನೊಂದು ಬಯಲಾಯಿತು. ಲೀಬಿಗ್ ಹೇಳಿದ್ದೂ ಇದನ್ನೇ.

ಬೆಂಗಳೂರಿನ ಪರಿಸ್ಥಿತಿ ಬೇರೆ. ಸುನಿಲ್ ಛೆಟ್ರಿ ಮತ್ತು ಉದಾಂತ ಸಿಂಗ್‌ರನ್ನು ಅವರು ಮೊದಲೇ ಉಳಿಸಿಕೊಂಡಿದ್ದರು. ಮುಂದಿನ ಸಾಲಿನ ಚಿಂತೆ ಅಷ್ಟಿರಲಿಲ್ಲ. ಡ್ರಾಫ್ಟಿನಲ್ಲಿ ರಕ್ಷಣೆಗೆ ಜನ ಹುಡುಕಿದರು. ಆರಿಸಿದವರಲ್ಲಿ ಒಬ್ಬರು ರಾಹುಲ್ ಭೇಕೆ. ಆ ವರ್ಷ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಗಿಂತ 8 ಅಂಕ ಮುಂದಿತ್ತು. ಲೆಕ್ಕವೆಲ್ಲ ಸರಿಯಾಗಿದ್ದಂತೆ ಕಂಡಿತು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ, ತವರಿನ ಜನರ ಎದುರು, ಅಂತಿಮ ಪಂದ್ಯ. ಛೆಟ್ರಿ ಮೊದಲ ಗೋಲು ಹೊಡೆದರು. ಆಮೇಲೆ ಎರಡು ಬಾರಿ ಮೂಲೆ ಒದೆತದ ಚೆಂಡಿಗೆ ತಲೆಕೊಟ್ಟು ಚೆನ್ನೈನ ರಕ್ಷಣಾ ಆಟಗಾರ ಮೈಲ್ಸನ್ ಆಲ್ವೆಸ್ ಗೋಲು ಮಾಡಿದರು. ಬೆಂಗಳೂರು 2-3ರಿಂದ ಸೋತಿತು.

ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಮತ್ತೆ ಅಂತಿಮ ಪಂದ್ಯ. ಈ ಬಾರಿ ಎದುರಾಳಿ ಗೋವಾ. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ ಕೊನೆಯ ನಿಮಿಷಗಳಲ್ಲಿ ಬೆಂಗಳೂರಿಗೊಂದು ಮೂಲೆ ಒದೆತ ಸಿಕ್ಕಿತು. ಅದಕ್ಕೆ ತಲೆಕೊಟ್ಟು ಗೋಲು ಮಾಡಿದವರು ರಾಹುಲ್ ಭೇಕೆ. 1-0. ಕಪ್ಪು ಬೆಂಗಳೂರಿಗೆ ಬಂತು.

ಭೇಕೆಯವರನ್ನು ಆರಿಸಿದ್ದು ಗೋಲು ತಡೆಯಲು. ಕಪ್ಪನ್ನು ತಂದದ್ದು ಅವರು ಹೊಡೆದ ಗೋಲು. ಕೊರತೆಯ ಪಟ್ಟಿಯಲ್ಲಿ ನಾವು ಒಂದು ಜಾಗದ ಹೆಸರು ಬರೆಯುತ್ತೇವೆ. ಆದರೆ ಆ ಜಾಗಕ್ಕೆ ಬರುವುದು ಇಡೀ ಮನುಷ್ಯ. ಅವನೊಳಗೆ ಪಟ್ಟಿಯಲ್ಲಿ ಬರೆಯದ ಶಕ್ತಿಗಳೂ ಇರುತ್ತವೆ. ಕೊರತೆಯನ್ನು ತುಂಬಲೆಂದು ಆರಿಸುವಾಗಲೂ ಪ್ರತಿಭೆಯನ್ನು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅನುಭವಸ್ಥ ಆಯ್ಕೆದಾರರು ಪಾಲಿಸುವ ಕ್ರಮವೊಂದಿದೆ. ಆಟಗಾರರಿಗೆ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಡುವ ಬದಲು ಅವರನ್ನು ಮೆಟ್ಟಿಲುಗಳಂತೆ ಗುಂಪು ಮಾಡುತ್ತಾರೆ. ಒಂದೇ ಮೆಟ್ಟಿಲಿನ ಮೇಲಿರುವವರು ಹೆಚ್ಚು ಕಡಿಮೆ ಸಮಾನರು. ಅವರೊಳಗೆ ಆರಿಸುವಾಗ ತಂಡದ ಕೊರತೆಯನ್ನು ನೋಡಬೇಕು. ಆದರೆ ಕೊರತೆ ತುಂಬಲೆಂದು ಮೇಲಿನ ಮೆಟ್ಟಿಲಿನವನನ್ನು ಬಿಟ್ಟು ಕೆಳಗಿನ ಮೆಟ್ಟಿಲಿಗೆ ಇಳಿಯಬಾರದು. ಪ್ರಯೋಗಾಲಯದಲ್ಲಿ ಅಳತೆಯ ದೋಷದೊಳಗಿನ ವ್ಯತ್ಯಾಸವನ್ನು ವ್ಯತ್ಯಾಸವೆಂದು ಎಣಿಸುವುದಿಲ್ಲವಷ್ಟೆ. ಇದೂ ಹಾಗೆಯೇ. ಚರ್ಚಾ ಕಾರ್ಯಕ್ರಮಕ್ಕೆ ನಾಲ್ವರನ್ನು ಕರೆಯುವಾಗ ನಾನೂ ಇದೇ ದಾರಿ ಹಿಡಿಯುತ್ತೇನೆ. ಸಮಾನ ತಿಳಿವಳಿಕೆಯ ಇಬ್ಬರಿದ್ದರೆ, ಉಳಿದ ಮೂವರು ಹೇಳದಿರುವುದನ್ನು ಹೇಳಬಲ್ಲವರಿಗೆ ಕುರ್ಚಿ.

ಮತ್ತೆ ಊರಿನ ಹೆಸರು

2017ರ ನಂತರ ಇಂಡಿಯನ್ ಸೂಪರ್ ಲೀಗಿನಲ್ಲಿ ಇಂಥ ಡ್ರಾಫ್ಟ್ ನಡೆಯಲಿಲ್ಲ. ಕ್ಲಬ್ಬುಗಳು ನೇರವಾಗಿ ಆಟಗಾರರೊಡನೆ ಕರಾರು ಮಾಡಿಕೊಳ್ಳತೊಡಗಿದವು. ಒಂದು ರೀತಿಯಲ್ಲಿ ಅಹ್ಮದ್ ಖಾನ್‌ರ ಕಾಲದ ಸ್ವಾತಂತ್ರ್ಯ ಮರಳಿತು. ಅದರೊಂದಿಗೆ ಆ ಕಾಲದ ಅಸಮಾನತೆಯೂ ಮರಳಬಹುದು.

ಊರಿನ ಹೆಸರಿನಲ್ಲಿ ಆಡುವ ಆಟ ಇನ್ನೂ ಉಳಿದಿರುವುದು ಸಂತೋಷ್ ಟ್ರೋಫಿಯಲ್ಲಿ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಅದನ್ನು ಗೆದ್ದಿದ್ದ ನಮ್ಮ ರಾಜ್ಯ, ಮತ್ತೆ ಗೆದ್ದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ ಕಳೆದದ್ದು 54 ವರ್ಷ. ರಾಜ್ಯ ತಂಡವನ್ನು ಕಟ್ಟುವವರಿಗೆ ಇಡೀ ದೇಶದ ಪಟ್ಟಿ ಸಿಗುವುದಿಲ್ಲ. ಇರುವವರಲ್ಲಿಯೇ ಆರಿಸಬೇಕು, ಇಲ್ಲದ್ದನ್ನು ಕಲಿಸಿಯೇ ತುಂಬಬೇಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಡ್ರಾಫ್ಟಿನ ಭಾಷೆ ಈಗ ನಮ್ಮ ಶಾಲೆಗಳ ಮೈದಾನಕ್ಕೂ ಬಂದಿದೆ. ತಂಡಕ್ಕೆ ಗೋಲ್‌ಕೀಪರ್ ಬೇಕೆಂದು ಎತ್ತರದ ಹುಡುಗನನ್ನು ಹನ್ನೆರಡನೆಯ ವಯಸ್ಸಿಗೇ ಗೋಲಿನ ಕಂಬಗಳ ನಡುವೆ ನಿಲ್ಲಿಸುತ್ತೇವೆ. ಅವನ ಕಾಲಿನಲ್ಲಿ ಏನಿತ್ತೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ವೃತ್ತಿಪರ ತಂಡದ ಕೊರತೆಗೆ ಒಂದು ಋತುವಿನ ಆಯುಸ್ಸು. ಹುಡುಗನ ಮುಂದೆ ಇಡೀ ಆಯುಸ್ಸೇ ಇದೆ. ಮಕ್ಕಳ ತಂಡದಲ್ಲಿ ಕೊರತೆ ಕಾದರೂ ನಡೆದೀತು. ಅಲ್ಲಿ ಪ್ರತಿಭೆಗೇ ಮೊದಲ ಸರದಿ ಸಲ್ಲಬೇಕು.

ಪೊಳಲಿಯ ಗದ್ದೆಯಲ್ಲಿ ಆಟಗಾರನಿಗೆ ಆಯ್ಕೆಯಿಲ್ಲ, ಹುಟ್ಟಿದ ಊರೇ ಅವನ ಪಕ್ಷ. ಡ್ರಾಫ್ಟಿನಲ್ಲಿಯೂ ಆಟಗಾರನಿಗೆ ಆಯ್ಕೆಯಿಲ್ಲ, ಸರದಿ ಬಂದವರೇ ಅವನ ಪಕ್ಷ. ಎದುರು ಬದುರು ಕಂಡ ಎರಡು ವ್ಯವಸ್ಥೆಗಳು ಇಲ್ಲಿ ಒಂದಾಗುತ್ತವೆ. ವ್ಯತ್ಯಾಸವೆಂದರೆ, ಪೊಳಲಿಯಲ್ಲಿ ಚೆನ್ನಾಗಿ ಆಡಲಾರದವನಿಗೂ ಗದ್ದೆಯಲ್ಲಿ ಜಾಗವಿದೆ. ಮುಂದಿನ ಮೀನ ಮಾಸದಲ್ಲಿ ಮೂಡುಬಿದಿರೆಯ ಚೆಂಡು ಮತ್ತೆ ಗದ್ದೆಗೆ ಬೀಳುವಾಗ ಅಲ್ಲಿ ನಿಂತಿರುವ ಹುಡುಗರಲ್ಲಿ ಯಾರೂ ಆಯ್ಕೆಯಾಗದೆ ಉಳಿದವರಲ್ಲ. ತಂಡ ಕಟ್ಟುವ ಮೇಜಿನ ಮುಂದೆ ಕುಳಿತವರು ಲೆಕ್ಕ ಮಾಡಲಿ, ಮಾಡಲೇಬೇಕು. ಲೆಕ್ಕದಿಂದ ಹೊರಗುಳಿದವರಿಗೂ ಆಡಲೊಂದು ಗದ್ದೆ ಉಳಿದಿರುವಂತೆ ನೋಡಿಕೊಳ್ಳುವುದು ಮಿಕ್ಕವರಾದ ನಮ್ಮ ಕೆಲಸ.